ಏಳು ಗಂಟೆಯ ಆಟ

ನಾನು ಫುಟ್‌ಬಾಲ್ ಆಡುತ್ತೇನೆ ಎಂಬುದನ್ನು ನನ್ನ ಮಗಳು ಬಹಳ ಕಾಲ ಪೂರ್ತಿಯಾಗಿ ನಂಬಿರಲಿಲ್ಲ. ಅವಳದ್ದೇನೂ ತಪ್ಪಿಲ್ಲ. ಅವಳ ಲೆಕ್ಕದಲ್ಲಿ ಫುಟ್‌ಬಾಲ್ ಎಂದರೆ ಶುಕ್ರವಾರ ಊಟವಾದ ಮೇಲೆ ಟಿವಿಯಲ್ಲಿ ಬರುವ ಆಟ, ಆ ಆಟದಲ್ಲಿ ಗೋಲು ಹೊಡೆಯುವವರು ಮೇಲಿನ ಮಹಡಿಯ ಅಂಕಲ್. ಮಂಗಳೂರಿನ ನಮ್ಮ ಫ್ಲ್ಯಾಟಿನ ಕಟ್ಟಡದಿಂದ ಕತಾರಿಗೆ ಹೋದ ಗಂಡಸರು ಇಬ್ಬರು. ಒಬ್ಬರು ಟಿವಿಯಲ್ಲಿ ಕಾಣುತ್ತಾರೆ, ಇನ್ನೊಬ್ಬರು ಫೋನಿನಲ್ಲಿ ಕಾಣುತ್ತಾರೆ. ಫೋನಿನಲ್ಲಿ ಕಾಣುವವನು ನಾನು.

ಕರಾವಳಿಯ ಕಾಲೇಜುಗಳಲ್ಲಿ ಓದಿ ಇಲ್ಲಿಗೆ ಬಂದವರೆಲ್ಲ ಸೇರಿ ಪ್ರತಿ ಚಳಿಗಾಲ ಅಲ್ ವಕ್ರಾದ ಬಾಡಿಗೆ ಮೈದಾನವೊಂದರಲ್ಲಿ ಟೂರ್ನಮೆಂಟ್ ನಡೆಸುತ್ತೇವೆ. ಕಾಲೇಜಿಗೊಂದು ತಂಡ. ಆಡುವವರು ಮಂಡಿ ನೋವಿನ, ಹೊಟ್ಟೆ ಬಂದ, ತಲೆ ಬೋಳಾಗತೊಡಗಿದ ಹಳೆ ವಿದ್ಯಾರ್ಥಿಗಳು. ಆದರೆ ಬೆನ್ನ ಮೇಲೆ ಕಾಲೇಜಿನ ಹೆಸರು ಬಿದ್ದ ಕೂಡಲೇ ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರಲಾಗದವನಿಗೂ ಕಾಲೇಜಿನ ಮಾನ ನೆನಪಾಗುತ್ತದೆ. ಶುಕ್ರವಾರಕ್ಕೆ ಮೂರು ಆಟ. ಒಂದು ಬೆಳಗಿನ ನಮಾಜು ಮುಗಿದ ಕೂಡಲೇ, ಇನ್ನೊಂದು ಮಧ್ಯಾಹ್ನ ಮೂರಕ್ಕೆ, ಕೊನೆಯದು ಸಂಜೆ ಏಳಕ್ಕೆ, ಲೈಟಿನ ಬೆಳಕಿನಲ್ಲಿ. ಮಂಗಳೂರಿನ ಒಂದು ಕೇಬಲ್ ಚಾನೆಲ್‌ನವರು ನೇರಪ್ರಸಾರ ಮಾಡುವುದು ಈ ಏಳು ಗಂಟೆಯ ಆಟವನ್ನು ಮಾತ್ರ. ಊರಿನಲ್ಲಿ ಆಗ ಒಂಬತ್ತೂವರೆ. ಊಟ ಮುಗಿಸಿ, ಪಾತ್ರೆ ತೊಳೆದು, ಜನ ಟಿವಿ ಎದುರು ಕೂರುವ ಹೊತ್ತು.

ಆ ಏಳು ಗಂಟೆ ಯಾವಾಗಲೂ ಗುಡ್ಡದ ಮೇಲಿನ ದೊಡ್ಡ ಕಾಲೇಜಿಗೆ. ಅವರ ಎದುರಾಳಿ ವಾರ ವಾರ ಬದಲಾಗಬಹುದು, ಅವರ ಹೊತ್ತು ಬದಲಾಗುವುದಿಲ್ಲ. ನಮ್ಮದು ಬಸ್‌ ಸ್ಟ್ಯಾಂಡಿನ ಹಿಂದಿನ ಸರ್ಕಾರಿ ಕಾಲೇಜು. ನಮಗೆ ಬೆಳಗಿನ ಆಟ, ಇಲ್ಲದಿದ್ದರೆ ಮೂರು ಗಂಟೆಯ ಆಟ. ನಾಲ್ಕು ಚಳಿಗಾಲ ನಾವು ಗುಡ್ಡದವರೊಂದಿಗೆ ಆಡುವ ಭಾಗ್ಯವನ್ನೂ ಪಡೆಯಲಿಲ್ಲ. ಅವರ ಗುಂಪೇ ಬೇರೆ, ನಮ್ಮ ಗುಂಪೇ ಬೇರೆ.

ಬೆಳಗಿನ ಆಟ ಎಂದರೆ ಏನೆಂದು ಆಡಿದವರಿಗೇ ಗೊತ್ತು. ಚಳಿಗಾಲದಲ್ಲಿ ಇಲ್ಲಿ ಮಂಜು ಬೀಳುತ್ತದೆ, ಚೆಂಡು ಹತ್ತಿರ ಬರುವವರೆಗೂ ಕಾಣುವುದಿಲ್ಲ. ಶುಕ್ರವಾರ ಅಷ್ಟು ಬೆಳಿಗ್ಗೆ ಮೆಟ್ರೊ ಇರುವುದಿಲ್ಲ. ನಾನಿರುವ ಉಮ್ಮ್ ಸಲಾಲ್‌ನಿಂದ ಅಲ್ ವಕ್ರಾ ಎಂದರೆ ದೋಹಾದ ಆ ತುದಿಯಿಂದ ಈ ತುದಿ. ಒಬ್ಬನ ಪಿಕಪ್‌ನಲ್ಲಿ ತುಂಬಿಕೊಂಡು ಬರಬೇಕು. ನಮ್ಮ ತಂಡದ ಅರ್ಧ ಜನ ರಾತ್ರಿ ಶಿಫ್ಟ್ ಮುಗಿಸಿ ನೇರ ಮೈದಾನಕ್ಕೆ ಬರುವವರು, ಬೂಟು ಬದಲಿಸುತ್ತಲೇ ಆಕಳಿಸುತ್ತಾರೆ. ಇನ್ನು ಮೂರು ಗಂಟೆಯ ಆಟದಲ್ಲಿ ಸೂರ್ಯ ಇಳಿದು ಸೀದಾ ಗೋಲ್‌ಕೀಪರನ ಕಣ್ಣಿಗೆ ಹೊಡೆಯುತ್ತಾನೆ. ಆ ಗೋಲ್‌ಕೀಪರ್ ನಾನೇ. ಏರ್ ಕಂಡೀಷನ್ ಬಿಡಿಭಾಗಗಳ ಗೋಡೌನಿನಲ್ಲಿ ಇಡೀ ವಾರ ಟ್ಯೂಬ್‌ಲೈಟಿನ ಕೆಳಗೆ ಕೆಲಸ ಮಾಡುವವನ ಕಣ್ಣಿಗೆ ಆ ಬಿಸಿಲು ಎಂಥ ಶಿಕ್ಷೆ ಎಂದು ಸಮಿತಿಯವರಿಗೆ ಹೇಳಿದರೆ ಕ್ಯಾಪ್ ಹಾಕು ಎಂದರು.

ಮೇಲಿನ ಮಹಡಿಯವರು ಗುಡ್ಡದ ಕಾಲೇಜಿನ ಫಾರ್ವರ್ಡ್. ಲುಸೈಲ್‌ನ ಆಫೀಸೊಂದರಲ್ಲಿ ಕೆಲಸ, ವಾಸವೂ ಅಲ್ಲೇ, ಸಂಜೆ ಮೆಟ್ರೊ ಹತ್ತಿದರೆ ಕೂತಲ್ಲಿಂದ ಏಳದೆ ಅಲ್ ವಕ್ರಾ. ನನಗಿಂತ ಎರಡು ವರ್ಷ ದೊಡ್ಡವರು, ಹೊಟ್ಟೆ ನನಗಿಂತ ಚಿಕ್ಕದು. ಕೆಟ್ಟ ಮನುಷ್ಯ ಎಂದು ಹೇಳಲು ನನಗೆ ಬಹಳ ಇಷ್ಟ, ಆದರೆ ಹೇಳಲು ಬರುವುದಿಲ್ಲ. ರಜೆಗೆ ಹೋಗುವಾಗ ನನ್ನ ಮನೆಗೂ ಖರ್ಜೂರ ಹೊತ್ತುಕೊಂಡು ಹೋಗುತ್ತಾರೆ. ಸಿಕ್ಕಾಗ ಮಗಳ ಓದು ವಿಚಾರಿಸುತ್ತಾರೆ. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಕಾರಣವನ್ನೆಲ್ಲ ನಾವೇ ಒದಗಿಸಬೇಕಾಗುತ್ತದೆ. ನಾನು ಒದಗಿಸಿದೆ.

ಶುಕ್ರವಾರ ನನ್ನ ಹೆಂಡತಿ ಮತ್ತು ಮಗಳು ಮೇಲಿನ ಮನೆಗೆ ಹೋಗಿ ಅವರ ಹೆಂಡತಿಯ ಜೊತೆ ಕೂತು ಆಟ ನೋಡುತ್ತಿದ್ದರು. ಆಮೇಲೆ ನನಗೆ ಫೋನು. ನಮ್ಮ ಮನೆಮಾತು ಬ್ಯಾರಿ. ಹೆಂಡತಿ ಹೇಳಿದ್ದನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿದರೆ ಅದರ ಚುಚ್ಚು ಸ್ವಲ್ಪ ಕಡಿಮೆಯಾಗುತ್ತದೆ. ಆ ವಯಸ್ಸಿಗೂ ಅವರು ಎಷ್ಟು ಚೆಂದ ಓಡುತ್ತಾರೆ ಎಂದಳು ಒಮ್ಮೆ. ಗೋಲ್‌ಕೀಪರ್ ಓಡಿದರೆ ತಂಡದ ಗತಿ ಏನು ಎಂದು ನಾನು ಕೇಳಿದೆ. ನಿಮ್ಮ ಬಗ್ಗೆ ಯಾರು ಹೇಳಿದರು ಎಂದಳು. ಅದು ಸರಿಯಾದ ಪ್ರಶ್ನೆ, ಅದೇ ನನ್ನ ದುಃಖ.

ಮಗಳು ಅವರ ಹತ್ತನೇ ನಂಬರಿನ ಜೆರ್ಸಿ ಬೇಕೆಂದು ಹಠ ಹಿಡಿದಳು. ನನ್ನದು ಒಂದನೇ ನಂಬರು, ಒಂದು ಹತ್ತಕ್ಕಿಂತ ಮುಂಚೆ ಬರುತ್ತದೆ ಎಂದು ವಿವರಿಸಿದೆ. ಅವಳು ಸ್ವಲ್ಪ ಯೋಚಿಸಿ ಕನ್ನಡದಲ್ಲೇ ಕೇಳಿದಳು. ಶಾಲೆಯ ಗೆಳತಿಯರು ಪಕ್ಕದಲ್ಲಿದ್ದರೆ ಅವಳು ಬ್ಯಾರಿ ಬಿಟ್ಟು ಕನ್ನಡಕ್ಕೆ ಬರುತ್ತಾಳೆ.

"ಪಪ್ಪಾ, ನೀವು ನಿಜವಾಗ್ಲೂ ಆಡ್ತೀರಾ? ಅಥವಾ ಅಂಕಲ್ ಆಡುವಾಗ ಬಾಲ್ ಹೆಕ್ಕಿ ಕೊಡುದಾ?"

ಹಿಂದೆ ಗೆಳತಿಯರು ನಕ್ಕದ್ದು ಕೇಳಿಸಿತು. ಅವತ್ತು ಬೆಳಿಗ್ಗೆ ಮಂಜಿನಲ್ಲಿ ನಾನು ಒಂದು ಪೆನಾಲ್ಟಿ ಹಿಡಿದಿದ್ದೆ. ಮೈದಾನದಲ್ಲಿ ಅದನ್ನು ನೋಡಿದವರು ರೆಫರಿ, ಎದುರಾಳಿಗಳು ಮತ್ತು ಗೇಟಿನ ನೇಪಾಳಿ ಕಾವಲುಗಾರ. ನನ್ನವರೇ ಮಂಜಿನಲ್ಲಿ ಸರಿಯಾಗಿ ಕಾಣಲಿಲ್ಲ ಎಂದರು. ಒಂದು ಸಲ, ಒಂದೇ ಒಂದು ಸಲ ಆ ಏಳು ಗಂಟೆ ನನಗೆ ಸಿಗಬೇಕು, ಅವಳು ನನ್ನನ್ನು ನೋಡಬೇಕು ಎಂದು ನಿರ್ಧರಿಸಿದೆ.

ಈ ಸಲದ ಟೂರ್ನಮೆಂಟಿಗೆ ಮುಂಚೆ ಸಮಿತಿಯ ಸಭೆ ಹೋಟೆಲೊಂದರ ಮಹಡಿಯಲ್ಲಿ ನಡೆಯಿತು. ಅಧ್ಯಕ್ಷರು ಗುಡ್ಡದ ಕಾಲೇಜಿನವರೇ. ಮೈದಾನ ಹುಡುಕುವುದು, ಅನುಮತಿ ತರುವುದು, ಚಾನೆಲ್‌ನವರ ಕಾಲು ಹಿಡಿಯುವುದು ಎಲ್ಲ ಅವರದೇ ದುಡಿಮೆ, ಆದ್ದರಿಂದ ಅವರನ್ನು ಬೈಯುವುದೂ ಸುಲಭವಿರಲಿಲ್ಲ. ವೇಳಾಪಟ್ಟಿ ಮೊದಲೇ ಸಿದ್ಧವಾಗಿತ್ತು. ಮೊಬೈಲಿನಲ್ಲಿ ತೋರಿಸಿದರು. ನಮ್ಮ ಆಟಗಳೆಲ್ಲ ಬೆಳಗಿಗೆ. ನಾನು ಎದ್ದು ನಿಂತೆ. ಬಡವನ ಕೋಪ ದವಡೆಗೆ ಮೂಲ ಎಂದು ಗೊತ್ತಿದ್ದೂ ನಿಂತೆ.

ಮಂಜು, ರಾತ್ರಿ ಶಿಫ್ಟ್, ಕಣ್ಣಿಗೆ ಬಿಸಿಲು, ಮೆಟ್ರೊ ಎಲ್ಲ ಹೇಳಿದೆ. ಎಲ್ಲರೂ ಕೊಡುವ ಎಂಟ್ರಿ ಫೀಸು ಒಂದೇ ಆಗಿರುವಾಗ ಹೊತ್ತು ಮಾತ್ರ ಯಾಕೆ ಒಬ್ಬರ ಆಸ್ತಿ ಎಂದು ಕೇಳಿದೆ. ಮಗಳ ವಿಷಯ ಹೇಳಲಿಲ್ಲ. ಅಧ್ಯಕ್ಷರು ಸಮಾಧಾನವಾಗಿ ಕೇಳಿಸಿಕೊಂಡರು. ಅವರ ಉತ್ತರವೂ ಗಟ್ಟಿ ಇತ್ತು. ಗುಡ್ಡದ ಕಾಲೇಜಿನಲ್ಲಿ ಓದಿದವರು ಮಂಗಳೂರಿನ ಪ್ರತಿ ಬೀದಿಯಲ್ಲಿದ್ದಾರೆ, ಅವರು ನೋಡುತ್ತಾರೆ ಎಂದೇ ಚಾನೆಲ್‌ಗೆ ಜಾಹೀರಾತು ಬರುತ್ತದೆ, ಜಾಹೀರಾತು ಇಲ್ಲದಿದ್ದರೆ ಪ್ರಸಾರವೇ ಇಲ್ಲ ಎಂದರು.

"ನಿಮ್ಮ ಕಾಲೇಜಿನ ಆಟ ಹಾಕಿದ್ರೆ ಊರಲ್ಲಿ ಯಾರು ನೋಡುದು ಮಾರಾಯ, ನೀನೇ ಹೇಳು," ಎಂದರು.

ಒಬ್ಬಳು ನೋಡುತ್ತಾಳೆ ಎಂದು ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ. ತೋರಿಸದೆ ಇದ್ದರೆ ಯಾರೂ ನೋಡುವುದಿಲ್ಲ, ಯಾರೂ ನೋಡುವುದಿಲ್ಲವೆಂದು ತೋರಿಸುವುದಿಲ್ಲ. ಹೀಗೆ ಮಾಡಿದರೆ ನಾವು ಸಾಯುವವರೆಗೂ ಮಂಜಿನಲ್ಲೇ ಆಡಬೇಕು. ಚೀಟಿ ಎತ್ತಿ. ಏಳು ಗಂಟೆ ಯಾರಿಗೆ ಬರುತ್ತದೋ ಅವರಿಗೆ. ಸಿಕ್ಕಿದವರು ಮುಂದಿನ ವಾರ ಬೆಳಿಗ್ಗೆ ಆಡಲಿ.

ನನ್ನ ಹಾಗೆಯೇ ಬೆಳಿಗ್ಗೆ ಆಡುವ ಇತರ ಕಾಲೇಜಿನವರೂ ಚಹಾ ಲೋಟದೊಳಗೆ ನೋಡುತ್ತ ಕೂತರು. ಆಗ ಮಾತಾಡಿದವರು ಯಾರು ಗೊತ್ತೇ? ಮೇಲಿನ ಮಹಡಿಯವರು.

"ಅವ ಹೇಳುದು ಸರಿ ಉಂಟು. ನಾವು ಒಂದ್ಸಲ ಬೆಳಿಗ್ಗೆ ಆಡಿದ್ರೆ ಎಂತ ಆಗ್ತದೆ? ಚೀಟಿ ಎತ್ತುವ, ಖಲಾಸ್."

ಖಲಾಸ್ ಎಂದ ಮೇಲೆ ಎಲ್ಲರ ಬಾಯಿ ತೆರೆಯಿತು. ಹೌದು ಹೌದು, ಚೀಟಿಯೇ ಒಳ್ಳೆಯದು, ನ್ಯಾಯ ಎಂದರೆ ನ್ಯಾಯ. ನಾನು ಅಷ್ಟು ಹೊತ್ತು ಗಂಟಲು ಹರಿದುಕೊಂಡದ್ದು ಗಾಳಿಗೆ ಹೋಯಿತು, ಅವರ ಎರಡು ಮಾತು ತೀರ್ಪಾಯಿತು. ಸಭೆ ಮುಗಿದ ಮೇಲೆ ಜನ ಅವರ ಬೆನ್ನು ತಟ್ಟಿ ಎಂಥ ದೊಡ್ಡ ಮನಸ್ಸು ಎಂದರು. ನನ್ನ ಗೆಲುವನ್ನು ನನ್ನ ಕಣ್ಣೆದುರೇ ಹೊತ್ತುಕೊಂಡು ಹೋದರು. ಮೆಟ್ಟಿಲಿಳಿಯುವಾಗ ಅವರು ನನ್ನ ಹೆಗಲ ಮೇಲೆ ಕೈ ಹಾಕಿ ಚೆನ್ನಾಗಿ ಮಾತಾಡಿದೆ ಎಂದರು. ಆ ಕೈಯನ್ನು ಕಿತ್ತೆಸೆಯಬೇಕೆನಿಸಿತು. ಥ್ಯಾಂಕ್ಸ್ ಎಂದೆ.

ಚೀಟಿಯಲ್ಲಿ ಎರಡನೇ ಶುಕ್ರವಾರದ ಏಳು ಗಂಟೆ ನಮಗೆ ಬಂತು. ಗುಡ್ಡದವರಿಗೆ ಅವತ್ತೇ ಬೆಳಗಿನ ಆಟ. ನಾನು ಮನೆಗೆ ಫೋನು ಮಾಡಿ ದೊಡ್ಡ ಹಬ್ಬದ ಸುದ್ದಿಯ ಹಾಗೆ ಹೇಳಿದೆ. ಹೆಂಡತಿ ಅಕ್ಕಪಕ್ಕದವರಿಗೆಲ್ಲ ಹೇಳುತ್ತೇನೆ ಎಂದಳು. ಮಗಳು, ಹಾಗಾದರೆ ಅಂಕಲ್ ಬರುವುದಿಲ್ಲವಾ ಎಂದಳು. ಇಲ್ಲ, ಅವತ್ತು ಅಂಕಲ್ ಇಲ್ಲ, ಪಪ್ಪ ಮಾತ್ರ ಎಂದೆ. ಆ ಮಾತು ಹೇಳುವಾಗ ಬಾಯಿಗೆ ಬೆಲ್ಲ ಹಾಕಿದಂತಾಯಿತು.

ಆ ಶುಕ್ರವಾರ ಬೆಳಿಗ್ಗೆ ಕೆಲಸವಿಲ್ಲದಿದ್ದರೂ ನಾನು ಪಿಕಪ್ ಹತ್ತಿ ಅಲ್ ವಕ್ರಾಕ್ಕೆ ಹೋದೆ. ಮಂಜಿನಲ್ಲಿ ಮೇಲಿನ ಮಹಡಿಯವರು ಆಡುವುದನ್ನು ನೋಡುವ ಆಸೆ. ಮಂಜು ನನ್ನ ಪ್ರಾರ್ಥನೆಗಿಂತಲೂ ದಟ್ಟವಾಗಿ ಬಿದ್ದಿತ್ತು. ಅವರು ಎರಡು ಸಲ ಜಾರಿ ಬಿದ್ದರು, ಗೋಲು ಹೊಡೆಯಲಿಲ್ಲ, ಅವರ ತಂಡ ಸೋತಿತು. ಬೂಟು ಬಿಚ್ಚುತ್ತ ನನ್ನನ್ನು ನೋಡಿ, ಇದರಲ್ಲಿ ನೀವು ನಾಲ್ಕು ವರ್ಷದಿಂದ ಹೇಗೆ ಆಡಿದಿರಿ ಎಂದರು. ಅಭ್ಯಾಸ ಎಂದೆ. ಆ ದಿನ ಜುಮ್ಮಾ ನಮಾಜಿನಲ್ಲಿ ನನ್ನಷ್ಟು ತೃಪ್ತಿಯಿಂದ ಕೂತವನು ಇನ್ನೊಬ್ಬನಿರಲಿಲ್ಲ.

ಸಂಜೆ ಏಳು. ಲೈಟು, ಕ್ಯಾಮೆರಾ, ಗ್ಯಾಲರಿಯಲ್ಲಿ ಜನ. ನಾನು ಹೊಸ ಹಳದಿ ಜೆರ್ಸಿ ಹಾಕಿದ್ದೆ, ದೂರಕ್ಕೂ ಕಾಣಲಿ ಎಂದು. ಜನರ ನಡುವೆ ಅವರನ್ನು ಹುಡುಕಿದೆ, ಕಾಣಲಿಲ್ಲ. ಸೋತ ಮುಖ ಹೊತ್ತು ಲುಸೈಲ್‌ಗೆ ಹೋಗಿ ಮಲಗಿರಬೇಕು, ನನ್ನನ್ನು ನೋಡಲು ಹೊಟ್ಟೆಕಿಚ್ಚು ಬಿಟ್ಟಿರಲಿಕ್ಕಿಲ್ಲ ಎಂದುಕೊಂಡೆ. ಎಲ್ಲರ ಹೊಟ್ಟೆಯೂ ನನ್ನ ಹೊಟ್ಟೆಯ ಹಾಗೇ ಇರುತ್ತದೆ ಎಂಬುದರಲ್ಲಿ ಆಗ ನನಗೆ ಸಂಶಯವೇ ಇರಲಿಲ್ಲ.

ಆದರೆ ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನನಗೆ ಗಾಬರಿಯಾಯಿತು. ನಮ್ಮವರು ಎಂದೂ ಇಲ್ಲದಷ್ಟು ಚೆನ್ನಾಗಿ ಆಡತೊಡಗಿದರು. ನಿದ್ದೆ ಮಾಡಿ ಬಂದಿದ್ದರಲ್ಲ! ಚೆಂಡು ಪೂರ್ತಿ ಆ ಕಡೆಯೇ. ಕ್ಯಾಮೆರಾ ಚೆಂಡಿನ ಹಿಂದೆ. ನಾನು ಈ ಕಡೆ ಹಳದಿ ಜೆರ್ಸಿ ತೊಟ್ಟು ಗದ್ದೆಯ ಬೆದರುಗೊಂಬೆಯ ಹಾಗೆ ನಿಂತಿದ್ದೇನೆ. ಎರಡು ಗೋಲು ಹೊಡೆದೆವು, ನಾನು ಚಪ್ಪಾಳೆ ತಟ್ಟಿದೆ, ಅದು ಯಾರಿಗೂ ಕಾಣಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನನ್ನ ತಂಡವೇ ನನಗೆ ಪೂಜಾರಿಯಾಯಿತು. ಕೊನೆಗೆ, ಆಟ ಮುಗಿಯಲು ಬಂದಾಗ, ಎದುರಾಳಿಯೊಬ್ಬ ಒಂಟಿಯಾಗಿ ನುಗ್ಗಿ ಬಂದು ಮೂಲೆಗೆ ಹೊಡೆದ. ನಾನು ಹಾರಿದೆ. ಬೆರಳ ತುದಿಗೆ ತಾಗಿ ಚೆಂಡು ಹೊರಗೆ ಹೋಯಿತು. ಅಂಥ ಹಾರಾಟ ಇಪ್ಪತ್ತನೇ ವಯಸ್ಸಿನಲ್ಲೂ ಹಾರಿರಲಿಲ್ಲ. ಬಿದ್ದ ಪೆಟ್ಟಿಗೆ ಭುಜ ಈಗಲೂ ನೋಯುತ್ತದೆ, ಅದು ಬೇರೆ ಮಾತು.

ಆಟ ಮುಗಿದ ತಕ್ಷಣ ಗೋಲಿನ ಹಿಂದೆಯೇ ನಿಂತು ವಿಡಿಯೊ ಕಾಲ್ ಮಾಡಿದೆ. ಮೇಲಿನ ಮನೆಯಲ್ಲಿ ಎಲ್ಲರೂ ಕೂತಿದ್ದರು. ಮಗಳು ಸೋಫಾದ ಮೇಲೆ ಕುಣಿಯುತ್ತಿದ್ದಳು. ನೋಡಿದೆಯಾ ಎಂದೆ. ನೋಡಿದೆ ಎಂದಳು. ನನ್ನನ್ನು ಗುರುತು ಹಿಡಿದೆಯಾ ಎಂದೆ.

"ಮೊದ್ಲು ಗೊತ್ತಾಗ್ಲಿಲ್ಲ ಪಪ್ಪಾ, ನೀವು ತುಂಬ ಚಿಕ್ಕ ಕಾಣ್ತಿದ್ರಿ. ಮತ್ತೆ ಅಂಕಲ್ ಹೇಳಿದ್ರು."

ಯಾವ ಅಂಕಲ್ ಎಂದು ಕೇಳುವಾಗಲೇ ನನಗೆ ಉತ್ತರ ಗೊತ್ತಾಗಿತ್ತು. ನಮ್ಮ ಕರಾವಳಿಯವರ ಟೂರ್ನಮೆಂಟಿನಲ್ಲಿ ಒಂದು ಪದ್ಧತಿ ಇದೆ, ಬೆಳಿಗ್ಗೆ ಆಡಿ ಖಾಲಿ ಕೂತವರಲ್ಲಿ ಯಾರಿಗೆ ಬಾಯಿ ಚೆನ್ನಾಗಿದೆಯೋ ಅವನಿಗೆ ಸಂಜೆಯ ಕಾಮೆಂಟರಿ. ಮೈಕ್ ಇರುವುದು ಮೈದಾನದ ಹೊರಗಿನ ಡೇರೆಯಲ್ಲಿ, ಅದರ ಮಾತು ಟಿವಿಗೆ ಮಾತ್ರ ಹೋಗುತ್ತದೆ, ನಮಗೆ ಕೇಳಿಸುವುದಿಲ್ಲ. ನಾಲ್ಕು ವರ್ಷ ಆ ಪದ್ಧತಿಯನ್ನು ನೋಡಿದವನಿಗೆ, ಅವರನ್ನು ಬೆಳಗಿನ ಆಟಕ್ಕೆ ತಳ್ಳಿದರೆ ಸಂಜೆ ಅವರ ಕೈಗೆ ಮೈಕ್ ಹೋಗುತ್ತದೆ ಎಂಬುದು ಹೊಳೆಯದೇ ಹೋಯಿತು.

ಇಡೀ ಆಟ ಅವರದೇ ಧ್ವನಿ. ಹಾಗೆ ಮಾತಾಡಿದರಂತೆ, ಹೀಗೆ ನಗಿಸಿದರಂತೆ. ನಾನು ಕಾಣದೆ ನಿಂತಿದ್ದಾಗಲೂ, ಆ ತುದಿಯಲ್ಲಿ ಹಳದಿ ಜೆರ್ಸಿಯಲ್ಲಿ ಇರುವವನನ್ನು ನೋಡುತ್ತಿರಿ, ಮಂಜಿನಲ್ಲಿ ಪೆನಾಲ್ಟಿ ಹಿಡಿದವನು ಅವನು ಎಂದರಂತೆ. ನಾನು ಹಾರಿದಾಗ, ಇಂಥ ಗೋಲ್‌ಕೀಪರ್ ನಮ್ಮ ಕಾಲೇಜಿಗೆ ಇದ್ದಿದ್ದರೆ ಪ್ರತಿ ವರ್ಷ ಕಪ್ ನಮ್ಮದೇ ಎಂದು ಕೂಗಿದರಂತೆ.

"ಅಂಕಲ್ ಹೇಳಿದ ಮೇಲೆ ನೀವು ಬೆಸ್ಟ್ ಅಂತ ಗೊತ್ತಾಯ್ತು," ಎಂದಳು ಮಗಳು.

ಹೆಂಡತಿ ಹಿಂದಿನಿಂದ, ಅವರು ಎಷ್ಟು ಚೆಂದ ಮಾತಾಡುತ್ತಾರೆ ಎಂದಳು. ಮೊದಲು ಓಟ ಮಾತ್ರ ಇತ್ತು, ಈಗ ಮಾತೂ ಸೇರಿತು.

ಮರುದಿನ ಊಟದ ಬಿಡುವಿನಲ್ಲಿ ಗೋಡೌನಿನ ಡಬ್ಬಗಳ ನಡುವೆ ಕೂತು ರೆಕಾರ್ಡಿಂಗ್ ನೋಡಿದೆ. ಅವರ ಧ್ವನಿ ಬೇಡವೆಂದು ಮ್ಯೂಟ್ ಮಾಡಿದೆ. ಹಳದಿ ಬಟ್ಟೆಯ ಒಬ್ಬ ಚಿಕ್ಕ ಮನುಷ್ಯ ಪಕ್ಕಕ್ಕೆ ಬಿದ್ದ, ಚೆಂಡು ಹೊರಗೆ ಹೋಯಿತು. ಅಷ್ಟೇ. ಯಾರೋ ಜಾರಿ ಬಿದ್ದ ಹಾಗೆ ಇತ್ತು. ಎರಡು ಸಲ ನೋಡಿದೆ, ಹಾಗೆಯೇ ಇತ್ತು. ಆಮೇಲೆ ಧ್ವನಿ ಹಾಕಿದೆ. ಅವರು ಕೂಗುತ್ತಿದ್ದ ಹಾಗೆ ಆ ಮನುಷ್ಯ ಹಾರಿದ, ನಿಜವಾಗಿಯೂ ಹಾರಿದ. ನನಗೇ ಮೈ ಜುಮ್ಮೆಂದಿತು. ಸಿಟ್ಟಿನಿಂದ ಫೋನನ್ನು ಜೇಬಿಗೆ ಹಾಕಿದೆ.

ನಾನೇ ಹಾಕಿಸಿದ ನಿಯಮ, ಏಳು ಗಂಟೆ ಸಿಕ್ಕವರು ಮುಂದಿನ ವಾರ ಬೆಳಿಗ್ಗೆ ಆಡಬೇಕು. ಹಾಗಾಗಿ ಮೂರನೇ ಶುಕ್ರವಾರ ನಾವು ಬೆಳಿಗ್ಗೆ ಆಡಿದೆವು. ಆ ಸಂಜೆಯ ಏಳು ಗಂಟೆ ಚೀಟಿಯಲ್ಲಿ ಗುಡ್ಡದವರಿಗೆ ಬಂತು. ಈ ಸಲ ಅವರಿಗೆ ಅದು ನ್ಯಾಯವಾಗಿ ಬಂದದ್ದರಿಂದ ನನಗೆ ಆಡಿಕೊಳ್ಳಲು ಏನೂ ಉಳಿದಿರಲಿಲ್ಲ. ಮಧ್ಯಾಹ್ನ ಅಧ್ಯಕ್ಷರು ಬಂದು, ಕಾಮೆಂಟರಿಗೆ ನೀನು ಕೂತುಕೋ, ಸಭೆಯಲ್ಲಿ ಅಷ್ಟು ಮಾತಾಡಿದೆಯಲ್ಲ ಎಂದರು. ಹೆಸರು ಸೂಚಿಸಿದವರು ಯಾರು ಎಂದು ನಾನು ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಮನೆಗೆ ಹೇಳಿದೆ. ಇವತ್ತು ಪೂರ್ತಿ ಆಟ ಪಪ್ಪನ ಧ್ವನಿ ಎಂದು ಮಗಳು ಗೆಳತಿಯರಿಗೆಲ್ಲ ಫೋನು ಮಾಡಿ ಹೇಳಿದಳಂತೆ. ಡೇರೆಯೊಳಗೆ ಮೈಕ್ ಹಿಡಿದು ಕೂತೆ. ಮಾತು ಸಲೀಸಾಗಿ ಬಂತು, ನನಗೇ ಆಶ್ಚರ್ಯ. ಹವಾಮಾನ ಹೇಳಿದೆ, ಎರಡು ತಂಡಗಳ ಚರಿತ್ರೆ ಹೇಳಿದೆ, ಗೋಲ್‌ಕೀಪರ್ ಎಂಬ ಜೀವಿಯ ಕಷ್ಟವನ್ನು ದೀರ್ಘವಾಗಿಯೇ ಹೇಳಿದೆ. ಪಕ್ಕದ ಕ್ಯಾಮೆರಾದವನು ಹೆಬ್ಬೆರಳು ತೋರಿಸಿದ. ಆಗ ಮೇಲಿನ ಮಹಡಿಯವರಿಗೆ ಚೆಂಡು ಸಿಕ್ಕಿತು. ಒಬ್ಬನನ್ನು ದಾಟಿದರು, ಇನ್ನೊಬ್ಬನನ್ನು ದಾಟಿದರು. ನಿಂತ ಜಾಗದಿಂದಲೇ ತಿರುಗಿ ಹೊಡೆದರು. ಚೆಂಡು ಬಿಲ್ಲಿನ ಹಾಗೆ ಬಾಗಿ ಬಲೆಯ ಮೇಲಿನ ಮೂಲೆಗೆ ಹೋಗಿ ಕೂತಿತು. ಅಷ್ಟು ಚೆಂದದ ಗೋಲನ್ನು ಆ ಮೈದಾನದಲ್ಲಿ ನಾನು ನೋಡಿಲ್ಲ. ಗೋಲ್‌ಕೀಪರ್ ಆಗಿ ಹೇಳುತ್ತೇನೆ, ನಾನಿದ್ದರೂ ಹಿಡಿಯುತ್ತಿರಲಿಲ್ಲ.

ಆಟ ಮುಗಿದ ಮೇಲೆ ಮನೆಗೆ ಫೋನು ಮಾಡಿದೆ. ಮಗಳೇ ಎತ್ತಿದಳು. ತುಂಬ ಚೆನ್ನಾಗಿ ಮಾತಾಡಿದಿರಿ ಎಂದಳು. ಗೆಳತಿಯರೂ ನೋಡಿದರಂತೆ. ಆಮೇಲೆ ಕೇಳಿದಳು.

"ಆದ್ರೆ ಅಂಕಲ್ ಗೋಲ್ ಹೊಡೆದಾಗ ಸೌಂಡೇ ಹೋಯ್ತಲ್ಲ ಪಪ್ಪಾ. ಆಂಟಿ ಟಿವಿ ಹಾಳಾಯ್ತಂತ ರಿಮೋಟ್ ತಟ್ಟಿ ತಟ್ಟಿ ನೋಡಿದ್ರು."

ನೆಟ್‌ವರ್ಕ್ ಹೋಗಿತ್ತು ಮಗಳೇ ಎಂದೆ.

"ಹೌದಾ? ಮತ್ತೆ ಆಚೆ ಟೀಮಿನವ್ರು ಗೋಲ್ ಹೊಡೆದಾಗ ಬಂತು," ಎಂದಳು. "ಆಗ ನಿಮ್ಮ ವಾಯ್ಸ್ ಪಕ್ಕದ ಫ್ಲ್ಯಾಟಿನವ್ರಿಗೂ ಕೇಳ್ತಿತ್ತಂತೆ."